ಕೆಲಸ ಕೊಡಿಸ್ತೀನಿ ಅಂದೋರಿಗೆ ಹಸು ಮಾರಿ ದುಡ್ಡು ಕೊಡಬೇಡಿ

ಈ ವಾರ ತೆಂಗಿನ ಬಿಳಿನೊಣದ ಬಗ್ಗೆ ಬರೀತೀನಿ ಅಂದಿದ್ದೆ. ಅದು ಮುಂದಿನ ವಾರಕ್ಕಿರಲಿ. ಇನ್‌ಬಾಕ್ಸ್ ತೆಗೆದರೆ ಇತ್ತೀಚೆಗೆ ಸಸಿ, ಗೊಬ್ಬರ ಕೇಳೋರಿಗಿಂತ "ಅಣ್ಣ, ನನ್ನ ತಮ್ಮಂದು ಬಿಇ ಆಗಿದೆ, ಎಲ್ಲಾದ್ರೂ ಒಂದು ಕೆಲಸ..." ಅನ್ನೋ ಮೆಸೇಜುಗಳೇ ಜಾಸ್ತಿ. ಹಳೇ ಓದುಗರಿಗೆ ಗೊತ್ತು, ಊರಿಗೆ ವಾಪಸ್ ಬರೋದಕ್ಕೆ ಮುಂಚೆ ಒಂಬತ್ತು ವರ್ಷ ಬೆಂಗಳೂರಲ್ಲಿ ಕಂಪನಿಗಳಿಗೆ ಜನ ಹುಡುಕಿಕೊಡೋ ಸಂಸ್ಥೆಯೊಂದರಲ್ಲಿದ್ದೆ. ನನ್ನ ಹತ್ತಿರ ಕೆಲಸ ಇಲ್ಲ. ಆದರೆ ಆ ಕಡೆ ಮೇಜಿನ ಮೇಲೆ ಏನು ನಡೆಯುತ್ತೆ ಅನ್ನೋದು ಗೊತ್ತು. ಅದನ್ನ ಒಂದೇ ಸಲ ಬರೆದುಬಿಡೋಣ ಅಂತ ಕೂತಿದ್ದೀನಿ. ಉದ್ದ ಆಗುತ್ತೆ, ಕಾಫಿ ಇಟ್ಕೊಂಡು ಓದಿ.

ಬರೆಯೋಕೆ ಕಾರಣ ನಮ್ಮಕ್ಕನ ಮಗಳು. ಕಂಪ್ಯೂಟರ್ ಸೈನ್ಸ್ ಬಿಇ, 2024ರಲ್ಲಿ ಮುಗಿಸಿದಳು. ಆ ಹೊತ್ತಿಗೆ ದೊಡ್ಡ ಐಟಿ ಕಂಪನಿಗಳು ಕ್ಯಾಂಪಸ್‌ನಿಂದ ತಗೊಳ್ಳೋದನ್ನ ಬಹಳ ಕಮ್ಮಿ ಮಾಡಿದ್ದವು. 2022ರಲ್ಲಿ ಆಫರ್ ಲೆಟರ್ ಕೈಗೆ ಬಂದಿದ್ದ ಹುಡುಗರೇ ಎರಡು ವರ್ಷ ಕಾಯ್ತಾ ಕೂತಿದ್ದ ಕಾಲ ಅದು. ಇವಳು ಮುನ್ನೂರಕ್ಕೂ ಹೆಚ್ಚು ಕಡೆ ಅರ್ಜಿ ಹಾಕಿದ್ದಾಳೆ. ಎಕ್ಸೆಲ್ ಶೀಟಲ್ಲಿ ಎಲ್ಲಾ ಬರೆದಿಟ್ಟಿದ್ದಾಳೆ, ದಿನಾಂಕದ ಸಮೇತ. ಉತ್ತರ ಬಂದಿದ್ದು ಹನ್ನೊಂದು ಕಡೆಯಿಂದ.

ಹೋದ ತಿಂಗಳು ಭಾವ ಫೋನ್ ಮಾಡಿದರು. ಬೆಂಗಳೂರಿನ ಒಂದು ಕನ್ಸಲ್ಟೆನ್ಸಿಯವರು ಒಂದೂವರೆ ಲಕ್ಷ ಕೇಳ್ತಿದ್ದಾರಂತೆ. ಅರ್ಧ ಈಗ, ಅರ್ಧ ಆಫರ್ ಲೆಟರ್ ಬಂದಮೇಲೆ. "ಬ್ಯಾಕ್‌ಡೋರ್" ಅಂತಾರಂತೆ ಅದನ್ನ. "ಎರಡು ಸೀಮೆಹಸು ಕೊಟ್ಟು, ಕೊಬ್ಬರಿ ವ್ಯಾಪಾರಿ ಹತ್ರ ಒಂದಿಷ್ಟು ಮುಂಗಡ ತಗೊಂಡ್ರೆ ಆಗುತ್ತೆ. ನೀನೇ ಹೇಳಪ್ಪ, ಕೊಡ್ಲಾ ಬ್ಯಾಡ್ವಾ" ಅಂದ್ರು. ಹಿಂದಿನಿಂದ ಅಕ್ಕ, "ಹೊತ್ತು ಮೀರೋಗ್ತಿದೆ ಕಣೋ, ನೆಂಟರಿಷ್ಟರಿಗೆ ಏನಂತ ಹೇಳಾದು" ಅಂತಿದ್ದಳು. ಆ ಎರಡು ಹಸುವಿನ ಹಾಲಲ್ಲೇ ಇವಳ ಹಾಸ್ಟೆಲ್ ಫೀಸು ಕಟ್ಟಿದ್ದು. ಈಗಲೂ ಮನೆ ಖರ್ಚು ನಡೀತಿರೋದು ಅದರಲ್ಲೇ.

"ಕೊಡಬೇಡಿ ಭಾವ" ಅಂದೆ. ಆದರೆ ಬೇಡ ಅಂದ್ರೆ ಸಾಕಾಗಲ್ಲ, ಯಾಕೆ ಅಂತ ಹೇಳಬೇಕಲ್ಲ.

ನಮ್ಮ ಎಪಿಎಂಸಿ ಲೆಕ್ಕದಿಂದಲೇ ಹೇಳಿದೆ. ಕಾಯ್ದೆ ಪ್ರಕಾರ ದಲ್ಲಾಳಿಗೆ ಕಮಿಷನ್ ಕೊಡಬೇಕಾದೋನು ಖರೀದಿದಾರ, ರೈತ ಅಲ್ಲ. ರೈತನ ಪಟ್ಟಿಯಲ್ಲಿ ಕಮಿಷನ್ ಮುರಿದರೆ ಅಲ್ಲೇನೋ ಕಳ್ಳಾಟ ಇದೆ ಅಂತ ಅರ್ಥ. ಕೆಲಸದ ಮಾರುಕಟ್ಟೆಯಲ್ಲೂ ಹಂಗೇ. ನಿಯತ್ತಿನ ಕನ್ಸಲ್ಟೆನ್ಸಿಗೆ ದುಡ್ಡು ಕೊಡೋದು ಕಂಪನಿ. ಸಾಮಾನ್ಯವಾಗಿ ನಡೆಯೋ ದರ, ಸೇರಿದವರ ವರ್ಷದ ಸಂಬಳದ 8.33 ಪರ್ಸೆಂಟ್, ಅಂದ್ರೆ ಒಂದು ತಿಂಗಳಿನದು. ಜನ ಸೇರಿ ಮೂರು ತಿಂಗಳೊಳಗೆ ಬಿಟ್ಟು ಹೋದರೆ ಆ ದುಡ್ಡನ್ನ ವಾಪಸ್ ಕೊಡಬೇಕು, ಇಲ್ಲಾ ಬೇರೆಯವರನ್ನ ಹುಡುಕಿಕೊಡಬೇಕು ಅಂತ ಎಷ್ಟೋ ಒಪ್ಪಂದಗಳಲ್ಲಿ ಇರುತ್ತೆ. ಹಿಂಗಿರುವಾಗ ಕೆಲಸ ಹುಡುಕೋ ಹುಡುಗಿ ಹತ್ರ ಒಂದೂವರೆ ಲಕ್ಷ ಕೇಳೋನು ಕಂಪನಿಗೆ ಕೆಲಸ ಮಾಡ್ತಿಲ್ಲ. ಅವನಿಗೆ ಸರಕು ಇವಳೇ.

ಬ್ಯಾಕ್‌ಡೋರ್ ಅಂದ್ರೆ ಏನು ಅಂತ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಅಪ್ಪ ಅಮ್ಮಂದಿರಿಗೆ ಇದು ಗೊತ್ತಿರಲ್ಲ. ಯಾವುದೋ ಹೆಸರಿಗಷ್ಟೇ ಇರೋ ಕಂಪನಿಯಲ್ಲಿ ನೀನು ಎರಡು ವರ್ಷ ಕೆಲಸ ಮಾಡಿದ್ದೆ ಅಂತ ಸುಳ್ಳು ಅನುಭವ ಪತ್ರ ಮಾಡಿಕೊಡ್ತಾರೆ. ಸಂಬಳದ ಸ್ಲಿಪ್ಪು ಮಾಡ್ತಾರೆ. ಕೆಲವರಂತೂ ನೀವು ಕೊಟ್ಟ ದುಡ್ಡನ್ನೇ ತಿಂಗಳು ತಿಂಗಳು "ಸಂಬಳ" ಅಂತ ನಿಮ್ಮ ಖಾತೆಗೆ ಹಾಕಿ ಬ್ಯಾಂಕ್ ಸ್ಟೇಟ್‌ಮೆಂಟ್ ತಯಾರು ಮಾಡ್ತಾರೆ. ವಿಡಿಯೋ ಇಂಟರ್‌ವ್ಯೂನಲ್ಲಿ ನಿಮ್ಮ ಬದಲು ಬೇರೆಯವರು ಮಾತಾಡ್ತಾರೆ, ನೀವು ತುಟಿ ಅಲ್ಲಾಡಿಸಬೇಕು. ಇಷ್ಟಾದಮೇಲೆ ಕೆಲಸ ಸಿಕ್ಕಿದ್ರೂ ಸಿಗಬಹುದು. ಆಮೇಲೆ ಬರೋದು ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್. ಪಿಎಫ್‌ನ ಯುಎಎನ್ ನಂಬರಲ್ಲಿ ಯಾವ ಸಂಸ್ಥೆಗೆ ಯಾವತ್ತು ಸೇರಿದ್ರಿ, ಯಾವತ್ತು ಬಿಟ್ರಿ ಅಂತ ದಾಖಲೆ ಇರುತ್ತೆ. ನೀವು ಹೇಳಿದ ಎರಡು ವರ್ಷ ಅಲ್ಲಿ ಇರಲ್ಲ. ಕೆಲಸಕ್ಕೆ ಸೇರಿ ಆರು ತಿಂಗಳಾದಮೇಲೂ ಇದರಿಂದ ಹೊರಗೆ ಕಳಿಸಿದ ಉದಾಹರಣೆಗಳಿವೆ. ದುಡ್ಡು ಹೋಯ್ತು, ಕೆಲಸ ಹೋಯ್ತು, ಸುಳ್ಳು ದಾಖಲೆ ಕೊಟ್ಟ ಕೇಸು ಬೇರೆ. ಕನ್ಸಲ್ಟೆನ್ಸಿಯವನ ಫೋನು ಅಷ್ಟೊತ್ತಿಗೆ ಸ್ವಿಚ್ ಆಫ್.

ಇದೇ ಜಾತಿಯವು ಇನ್ನೂ ಇವೆ: ಲ್ಯಾಪ್‌ಟಾಪ್‌ಗೆ ಡೆಪಾಸಿಟ್ ಕಟ್ಟಿ ಅನ್ನೋರು, ಟ್ರೈನಿಂಗ್ ಫೀಸು ಅನ್ನೋರು, ಜಿಮೇಲ್ ಐಡಿಯಿಂದ ದೊಡ್ಡ ಕಂಪನಿ ಹೆಸರಲ್ಲಿ ಆಫರ್ ಲೆಟರ್ ಕಳಿಸೋರು. ವಿದೇಶದಲ್ಲಿ ಡಾಟಾ ಎಂಟ್ರಿ ಅಂತ ಕರ್ಕೊಂಡು ಹೋಗಿ ಮ್ಯಾನ್ಮಾರ್, ಕಾಂಬೋಡಿಯಾ ಕಡೆ ಕೂಡಿಹಾಕಿ ಆನ್‌ಲೈನ್ ವಂಚನೆ ಮಾಡಿಸಿದ್ದು ಪೇಪರಲ್ಲಿ ಓದಿದ್ದೀರಿ. ವಿದೇಶದ ಏಜೆಂಟು ನೋಂದಣಿ ಆಗಿದ್ದಾನಾ ಅಂತ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು. ದುಡ್ಡು ಆಗಲೇ ಆನ್‌ಲೈನಲ್ಲಿ ಹೋಗಿದ್ರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಮರ್ಯಾದೆ ಅಂತ ಮುಚ್ಚಿಟ್ಕೊಂಡು ಕೂರಬೇಡಿ. ಬೇಗ ಹೇಳಿದಷ್ಟೂ ಖಾತೆ ತಡೆಹಿಡಿಯೋ ಅವಕಾಶ ಜಾಸ್ತಿ.

ಸರಿ, ದುಡ್ಡು ಕೊಡಬೇಡ ಅಂದ್ವಿ. ಮುನ್ನೂರು ಅರ್ಜಿಗೆ ಯಾಕೆ ಉತ್ತರ ಬರ್ಲಿಲ್ಲ?

ಒಂದು ಸಾಮಾನ್ಯ ಫ್ರೆಷರ್ ಹುದ್ದೆ ನೌಕ್ರಿಯಲ್ಲೋ ಲಿಂಕ್ಡ್‌ಇನ್‌ನಲ್ಲೋ ಹಾಕಿದರೆ ಒಂದೇ ದಿನಕ್ಕೆ ನೂರಾರು ಅರ್ಜಿ, ಕೆಲವಕ್ಕೆ ಸಾವಿರದ ಮೇಲೆ. ನೋಡೋದಕ್ಕೆ ಒಬ್ಬಳೇ ಹುಡುಗಿ, ಅವಳ ಕೈಯಲ್ಲಿ ಇಂಥವು ಹತ್ತು ಹದಿನೈದು ಹುದ್ದೆ. ಅವಳು ಎಲ್ಲಾ ತೆಗೆದು ಓದಲ್ಲ, ಓದೋಕಾಗಲ್ಲ. ಹುಡುಕುಪದ ಹಾಕ್ತಾಳೆ, ಊರು ಹಾಕ್ತಾಳೆ, ಇತ್ತೀಚೆಗೆ ಯಾರು ಪ್ರೊಫೈಲ್ ಅಪ್‌ಡೇಟ್ ಮಾಡಿದ್ದಾರೆ ಅಂತ ಜರಡಿ ಹಿಡೀತಾಳೆ. ಮೇಲೆ ಬಂದ ನಲವತ್ತೈವತ್ತು ನೋಡ್ತಾಳೆ. ಅದರಲ್ಲಿ ಎಂಟು ಜನ ಸಿಕ್ಕಿದ್ರೆ ಮುಂದಿನದನ್ನ ಮುಟ್ಟಲ್ಲ. "ಸಾಫ್ಟ್‌ವೇರು ನನ್ನನ್ನ ರಿಜೆಕ್ಟ್ ಮಾಡ್ತು" ಅಂತ ಹುಡುಗರು ಬೇಜಾರು ಮಾಡ್ಕೊತಾರೆ. ಅರ್ಜಿಯಲ್ಲಿ ಕೇಳೋ ಹೌದು-ಇಲ್ಲ ಪ್ರಶ್ನೆಗೆ ಬೇಡದ ಉತ್ತರ ಕೊಟ್ಟಾಗ ತಾನಾಗೇ ತಳ್ಳಿಹಾಕೋದು ಇದೆ, ಇಲ್ಲ ಅನ್ನಲ್ಲ. ಆದರೆ ಬಹಳ ಸಲ ಯಾರೂ ತಿರಸ್ಕರಿಸಿರಲ್ಲ. ಯಾರೂ ತೆಗೆದೇ ನೋಡಿರಲ್ಲ. ಅದು ನಿಮ್ಮ ಯೋಗ್ಯತೆಗೆ ಸಿಕ್ಕ ಉತ್ತರ ಅಲ್ಲ.

ಅದಕ್ಕೇ ಹೇಳೋದು, ಹುದ್ದೆ ಬಿದ್ದ ದಿನವೇ ಅರ್ಜಿ ಹಾಕಿ. ಹದಿನೈದು ದಿನ ಹಳೇ ಹುದ್ದೆಗೆ ಹಾಕೋದು ಸಂತೆ ಮುಗಿದಮೇಲೆ ಸೊಪ್ಪು ತಗೊಂಡು ಹೋದಂಗೆ. ವಾರಕ್ಕೆರಡು ಸಲ ಪ್ರೊಫೈಲ್‌ನಲ್ಲಿ ಏನಾದರೂ ತಿದ್ದಿ ಸೇವ್ ಮಾಡಿ. ಎರಡು ಕಾಲಂ, ಟೇಬಲ್ಲು, ಫೋಟೋ, ಬಣ್ಣ ಇರೋ ರೆಸ್ಯೂಮು ಬೇಡ, ಸಾಫ್ಟ್‌ವೇರು ಅದನ್ನ ಓದುವಾಗ ಕಲಸುಮೇಲೋಗರ ಮಾಡುತ್ತೆ. ಹುದ್ದೆಯ ವಿವರದಲ್ಲಿ ಅವರು ಬಳಸಿದ ಪದ ನಿಮಗೆ ನಿಜವಾಗಿ ಬರೋದಾದ್ರೆ ಅದೇ ಪದ ಹಾಕಿ. ಬರಲ್ಲ ಅಂದ್ರೆ ಹಾಕಬೇಡಿ, ಇಂಟರ್‌ವ್ಯೂನಲ್ಲಿ ಮೊದಲು ಕೇಳೋದೇ ಅದನ್ನ.

ಇನ್ನು ಎರಡು ಮೂರು ರೌಂಡು ಇಂಟರ್‌ವ್ಯೂ ಆಗಿ, "ವಿ ವಿಲ್ ಗೆಟ್ ಬ್ಯಾಕ್" ಅಂದೋರು ಮೌನವಾಗೋ ವಿಷಯ. ಹುಡುಗರನ್ನ ಅತೀ ಹೆಚ್ಚು ಕುಗ್ಗಿಸೋದು ಇದೇ. ನಮ್ಮ ಕಾಯಿ ವ್ಯಾಪಾರಿ ನೆನಪು ಮಾಡ್ಕೊಳ್ಳಿ. ತೋಟ ನೋಡಿ, ರೇಟು ಮಾತಾಡಿ, "ನಾಳೆ ಆಳು ಕಳಿಸ್ತೀನಿ ಗೌಡ್ರೇ" ಅಂತ ಹೋದೋನು ವಾರ ಆದ್ರೂ ಫೋನ್ ಎತ್ತಲ್ಲ. ನಮ್ಮ ಕಾಯಿ ಚೆನ್ನಾಗಿಲ್ಲ ಅಂತಲ್ಲ. ಪಕ್ಕದೂರಲ್ಲಿ ಇನ್ನೊಂದು ತೋಟ ನೋಡಿದ್ದಾನೆ, ಅದು ಕುದುರದೇ ಇದ್ರೆ ನಮ್ಮದು ಬೇಕು. ಅದಕ್ಕೇ ಬೇಡ ಅಂತಲೂ ಹೇಳಲ್ಲ, ಬರ್ತೀನಿ ಅಂತಲೂ ಹೇಳಲ್ಲ. ಕಂಪನಿಗಳಲ್ಲೂ ಅದೇ ನಡೆಯೋದು. ಮೊದಲನೇ ಆಯ್ಕೆಯವರಿಗೆ ಆಫರ್ ಹೋಗಿರುತ್ತೆ, ಅವರದು ಅರವತ್ತು ತೊಂಬತ್ತು ದಿನ ನೋಟಿಸ್ ಪಿರಿಯಡ್ಡು, ಕೊನೇ ದಿನ ಅವರು ಬರ್ತಾರೋ ಕೈಕೊಡ್ತಾರೋ ಗೊತ್ತಿಲ್ಲ. ಹಂಗಾಗಿ ಎರಡನೇ ಆಯ್ಕೆಯವರನ್ನ ನೇತು ಹಾಕಿರ್ತಾರೆ. ಉತ್ತರ ಕೊಟ್ಟಿದ್ದಕ್ಕೆ ಅಲ್ಲಿ ಯಾರಿಗೂ ಶಭಾಷ್‌ಗಿರಿ ಇಲ್ಲ, ಎಷ್ಟು ಜನ ಸೇರಿದ್ರು ಅನ್ನೋದಷ್ಟೇ ಲೆಕ್ಕ. ಇದು ಸರಿ ಅಂತ ನಾನು ಹೇಳ್ತಿಲ್ಲ. ಮೂರು ಸಲ ರಜೆ ಹಾಕಿಸಿ, ಬಸ್ ಚಾರ್ಜು ಖರ್ಚು ಮಾಡಿಸಿ ಕರೆಸಿಕೊಂಡ ಮನುಷ್ಯನಿಗೆ ಒಂದು ಸಾಲು ಬರೆಯೋದಿಲ್ಲ ಅಂದ್ರೆ ಅದು ಕೆಟ್ಟ ನಡತೆ ಅಷ್ಟೇ, ಅದಕ್ಕೆ ಯಾವ ಇಂಗ್ಲಿಷ್ ಹೆಸರಿಟ್ಟರೂ ಕೆಟ್ಟ ನಡತೆಯೇ.

ನೀವು ಮಾಡೋಕಾಗೋದು ಇಷ್ಟು. ಪ್ರತಿ ರೌಂಡ್ ಮುಗಿದಾಗ "ಮುಂದಿನದು ಯಾವಾಗ, ಯಾರು ತಿಳಿಸ್ತಾರೆ" ಅಂತ ಅಲ್ಲೇ ಕೇಳಿ. ಹೇಳಿದ ದಿನ ದಾಟಿ ಎರಡು ದಿನಕ್ಕೆ ಒಂದು ಮೇಲ್. ಮತ್ತೆ ವಾರಕ್ಕೆ ಇನ್ನೊಂದು. ಆಮೇಲೆ ನಿಮ್ಮ ಶೀಟಲ್ಲಿ ಆ ಸಾಲಿಗೆ ಗೆರೆ ಎಳೆದುಬಿಡಿ. ಅವರೇ ಮೂರು ತಿಂಗಳಾದಮೇಲೆ ಫೋನ್ ಮಾಡಿದ್ರೆ ಲಾಭ ಅಂದ್ಕೊಳ್ಳಿ.

ಹಬ್ಬಕ್ಕೆ ಇವಳು ಬಂದಾಗ ರೆಸ್ಯೂಮ್ ತೋರಿಸು ಅಂದೆ. ಎರಡು ಪುಟ. ಮೊದಲನೇ ಅರ್ಧ ಪುಟ ಕಷ್ಟಪಟ್ಟು ದುಡಿಯುವವಳು, ಬೇಗ ಕಲಿಯುವವಳು, ತಂಡದಲ್ಲಿ ಹೊಂದಿಕೊಳ್ಳುವವಳು ಅಂತ ಇಂಗ್ಲಿಷಿನಲ್ಲಿ. ಕೊನೆಗೆ ಅಪ್ಪನ ಹೆಸರು, ಹುಟ್ಟಿದ ದಿನ, ಮನೆ ವಿಳಾಸ, ಮೇಲಿನದೆಲ್ಲ ಸತ್ಯ ಅಂತ ಪ್ರಮಾಣ. ಮಧ್ಯದಲ್ಲಿ ಕಾಲೇಜಿನವರು ಮಾಡಿಸಿದ ಪ್ರಾಜೆಕ್ಟು, ಅದು ಅವಳ ಕ್ಲಾಸಲ್ಲಿ ಇನ್ನೂ ಆರು ಜನರ ರೆಸ್ಯೂಮಲ್ಲಿ ಇದೆ.

"ಡೈರಿದು ಯಾಕೆ ಬರೆದಿಲ್ಲ?" ಅಂದೆ.

"ಅಯ್ಯೋ ಮಾವ, ಅದನ್ನೆಲ್ಲ ಬರೀತಾರಾ? ನಗ್ತಾರೆ ಅಷ್ಟೇ."

ಏನು ಗೊತ್ತಾ ಅದು? ಅವರೂರ ಹಾಲು ಉತ್ಪಾದಕರ ಸಂಘದಲ್ಲಿ ಬಟವಾಡೆ ಲೆಕ್ಕ ಪದೇ ಪದೇ ತಾಳೆ ಆಗ್ತಿರಲಿಲ್ಲ. ಕಾರ್ಯದರ್ಶಿಗೆ ವಯಸ್ಸಾಗಿದೆ, ರಾತ್ರಿಯೆಲ್ಲ ಕೂತು ಕೂಡ್ತಿದ್ದರು. ಇವಳು ರಜೆಯಲ್ಲಿ ಹೋಗಿ 140 ಸದಸ್ಯರ ಲೀಟರು, ಫ್ಯಾಟು, ಎಸ್‌ಎನ್‌ಎಫ್ ಹಾಕಿದ್ರೆ ಯಾರಿಗೆಷ್ಟು ಅಂತ ತಾನೇ ಕೂಡೋ ಶೀಟು ಮಾಡಿಕೊಟ್ಟಳು, ಪಶು ಆಹಾರದ ಬಾಕಿ ಮುರಿದುಕೊಳ್ಳೋದೂ ಸೇರಿ. ಎರಡು ವರ್ಷದಿಂದ ಅದರಲ್ಲೇ ನಡೀತಿದೆ. ಜನ ಜಗಳಕ್ಕೆ ಬಂದಾಗ ಕೂರಿಸಿಕೊಂಡು ಲೆಕ್ಕ ತೋರಿಸಿದ್ದೂ ಇವಳೇ. ಈ ಕೆಲಸಕ್ಕೆ ದುಡ್ಡು ಬರಲಿಲ್ಲ, ಸರ್ಟಿಫಿಕೇಟ್ ಬರಲಿಲ್ಲ, ಅದಕ್ಕೆ ಇದು ಕೆಲಸವೇ ಅಲ್ಲ ಅಂತ ಅವಳ ತಲೇಲಿ ಕೂತಿದೆ. ಅವಳ ತಲೇಲಿ ಮಾತ್ರ ಅಲ್ಲ, ಅವರಮ್ಮನ ತಲೇಲೂ.

ಅದನ್ನ ಮೊದಲನೇ ಸಾಲಿಗೆ ತಂದ್ವಿ. ಏನು ತೊಂದರೆ ಇತ್ತು, ಏನು ಮಾಡಿದಳು, ಎಷ್ಟು ಜನ ಬಳಸ್ತಾರೆ, ಹಿಂದೆ ಎರಡು ರಾತ್ರಿ ಹಿಡೀತಿದ್ದ ಲೆಕ್ಕ ಈಗ ಎಷ್ಟು ಹೊತ್ತಲ್ಲಿ ಮುಗಿಯುತ್ತೆ. ಪ್ರಮಾಣವಚನ, ಅಪ್ಪನ ಹೆಸರು, ಗುಣಗಾನ ಎಲ್ಲಾ ತೆಗೆದು ಒಂದು ಪುಟಕ್ಕೆ ಇಳಿಸಿದ್ವಿ. ನಿಮ್ಮ ಮನೆ ಮಕ್ಕಳದೂ ಇಂಥದ್ದು ಏನಾದರೂ ಇದ್ದೇ ಇರುತ್ತೆ. ಅಣ್ಣನ ಗೊಬ್ಬರದ ಅಂಗಡಿಯಲ್ಲಿ ಜಿಎಸ್‌ಟಿ ಬಿಲ್ಲು ಹಾಕಿದ್ದು, ಊರಿನ ಟೂರ್ನಮೆಂಟಿಗೆ ದುಡ್ಡೆತ್ತಿ ಲೆಕ್ಕ ಒಪ್ಪಿಸಿದ್ದು. ಕೇಳಿ ನೋಡಿ.

ಪರಿಚಯ ಹಿಡಿದು ಹೋಗೋದರ ಬಗ್ಗೆ ನಮ್ಮ ಕಡೆ ಒಂದು ಸಂಕೋಚ ಇದೆ, ಅದನ್ನ ವಶೀಲಿ ಅಂದ್ಕೊತೀವಿ. ರೆಫರಲ್ ವಶೀಲಿ ಅಲ್ಲ. ಅದು ನಿಮ್ಮ ಅರ್ಜಿಯನ್ನ ಆ ಸಾವಿರದ ರಾಶಿಯಿಂದ ಎತ್ತಿ ಮೇಲಿಡುತ್ತೆ ಅಷ್ಟೇ, ಇಂಟರ್‌ವ್ಯೂ ನೀವೇ ಗೆಲ್ಲಬೇಕು. ಬಹಳ ಕಂಪನಿಗಳಲ್ಲಿ ರೆಫರ್ ಮಾಡಿದೋರಿಗೇ ಬೋನಸ್ ಸಿಗುತ್ತೆ, ಹಂಗಾಗಿ ನೀವು ಕೇಳೋದು ಭಿಕ್ಷೆ ಅಲ್ಲ. ಆದರೆ "ಅಣ್ಣ, ನಿಮ್ಮ ಕಂಪನೀಲಿ ಏನಾದ್ರೂ ಇದ್ರೆ ಹೇಳಿ" ಅಂದ್ರೆ ಅವರೇನು ಮಾಡ್ತಾರೆ? ಅವರ ಕಂಪನಿಯ ಜಾಲತಾಣದಲ್ಲಿ ನೀವೇ ಹುದ್ದೆ ಹುಡುಕಿ, ಅದರ ನಂಬರ್ ಸಮೇತ ಕಳಿಸಿ. ಪಿಡಿಎಫ್ ಜೊತೆ ಮೂರು ಸಾಲು: ನಾನು ಇಂಥ ಕಾಲೇಜಿನ ನಿಮ್ಮ ಜೂನಿಯರ್, ಈ ಹುದ್ದೆಗೆ ನನಗೆ ಇಷ್ಟು ಬರುತ್ತೆ, ಸರಿ ಅನಿಸಿದರೆ ರೆಫರ್ ಮಾಡಿ, ಇಲ್ಲದಿದ್ರೂ ಬೇಜಾರಿಲ್ಲ. ಅವರಿಗೆ ಎರಡು ನಿಮಿಷದ ಕೆಲಸ ಆಗಬೇಕು. ಇವಳಿಗೆ ಬಂದ ಹನ್ನೊಂದು ಉತ್ತರದಲ್ಲಿ ಏಳು ಇಂಥ ದಾರಿಯಲ್ಲೇ ಬಂದಿದ್ದು, ಅವಳ ಶೀಟೇ ಹೇಳುತ್ತೆ.

ಈಗ ಸಂಬಳ. "3.6 ಲಕ್ಷ ಪ್ಯಾಕೇಜು" ಅಂದ ತಕ್ಷಣ ಮನೆಯವರು ತಿಂಗಳಿಗೆ ಮೂವತ್ತು ಸಾವಿರ ಅಂತ ಲೆಕ್ಕ ಹಾಕಿ, ಊರಿಗೆಲ್ಲ ಹೇಳಿ, ಸಾಲದ ಕಂತು ಗೊತ್ತು ಮಾಡ್ಕೊತಾರೆ. ಅದು ಸಿಟಿಸಿ, ಅಂದ್ರೆ ನಿಮ್ಮ ಮೇಲೆ ಕಂಪನಿ ಮಾಡೋ ಒಟ್ಟು ಖರ್ಚು. ಸಿಪ್ಪೆ ಸಮೇತ ಕಾಯಿ ತೂಗಿದಂಗೆ. ಒಂದು ಉದಾಹರಣೆ ಲೆಕ್ಕ ಹಾಕೋಣ. ಬೇಸಿಕ್ 15,000 ಇಟ್ಕೊಳ್ಳಿ. 3,60,000ದಲ್ಲಿ ವೇರಿಯಬಲ್ ಪೇ ಅಂತ 36,000, ಅದು ವರ್ಷದ ಕೊನೆಗೆ, ಕಂಪನಿ ಮನಸ್ಸು ಮಾಡಿದಷ್ಟು. ಕಂಪನಿ ಕಟ್ಟೋ ಪಿಎಫ್ 12 ಪರ್ಸೆಂಟ್, ತಿಂಗಳಿಗೆ 1,800, ವರ್ಷಕ್ಕೆ 21,600. ಗ್ರಾಚ್ಯುಟಿ ಬೇಸಿಕ್‌ನ 4.81 ಪರ್ಸೆಂಟ್, 8,658, ಪರ್ಮನೆಂಟ್ ಕೆಲಸದಲ್ಲಿ ಸಾಮಾನ್ಯವಾಗಿ ಐದು ವರ್ಷ ತುಂಬಿದರೆ ಮಾತ್ರ ಕೈಗೆ. ಇನ್ಶೂರೆನ್ಸ್ ಅಂತ ಒಂದು 5,742. ಇಷ್ಟಕ್ಕೇ 72,000 ಹೋಯ್ತು. ಉಳಿದಿದ್ದು 2,88,000, ತಿಂಗಳಿಗೆ 24,000. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 1,800 ಮುರಿದರೆ ಕೈಗೆ 22,200. ಪಿಎಫ್ ನಿಮ್ಮದೇ ದುಡ್ಡು, ಅದನ್ನ ಕಳ್ಕೊಂಡ್ವಿ ಅನ್ನಬೇಡಿ, ಆದರೆ ಈ ತಿಂಗಳ ಪಿಜಿ ಬಾಡಿಗೆಗೆ ಅದು ಬರಲ್ಲ. ಆಫರ್ ಬಂದಾಗ "ತಿಂಗಳಿಗೆ ಕೈಗೆ ಎಷ್ಟು, ಫಿಕ್ಸೆಡ್ ಎಷ್ಟು, ವೇರಿಯಬಲ್ ಎಷ್ಟು" ಅಂತ ಮೇಲ್‌ನಲ್ಲಿ ಕೇಳಿ. ಕೇಳಿದ್ದಕ್ಕೆ ಆಫರ್ ವಾಪಸ್ ತಗೊಳ್ಳೋ ಕಂಪನಿಗೆ ಸೇರದಿದ್ದರೇ ಒಳ್ಳೇದು.

ಬಾಂಡ್ ಬಗ್ಗೆ ಬಹಳ ಜನ ಕೇಳ್ತಾರೆ. "ಬಾಂಡ್‌ಗೆ ಕಾನೂನಿನ ಬೆಲೆ ಇಲ್ಲ, ಸುಮ್ನೆ ಸೈನ್ ಮಾಡು" ಅನ್ನೋ ಸಲಹೆ ನಂಬಬೇಡಿ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಸರ್ಕಾರಿ ಬ್ಯಾಂಕೊಂದರ ಪ್ರಕರಣದಲ್ಲಿ, ಮೂರು ವರ್ಷ ತುಂಬದೆ ಬಿಟ್ಟರೆ ಎರಡು ಲಕ್ಷ ಅನ್ನೋ ಷರತ್ತನ್ನ ಎತ್ತಿಹಿಡಿದಿದೆ. ಹಂಗಂತ ಸಣ್ಣ ಕಂಪನಿಯೊಂದು ಯಾವ ತರಬೇತಿಯನ್ನೂ ಕೊಡದೆ ಐದು ಲಕ್ಷ ಅಂತ ಬರೆಸಿಕೊಂಡ್ರೆ ಅಷ್ಟೂ ಕೊಡಲೇಬೇಕು ಅಂತಲೂ ಅಲ್ಲ. ಗುತ್ತಿಗೆ ಕಾಯ್ದೆ, 1872ರ ಸೆಕ್ಷನ್ 74ರ ಪ್ರಕಾರ ಸಿಗೋದು ನ್ಯಾಯವಾದ ಪರಿಹಾರ, ಬರೆದ ಮೊತ್ತ ಅದರ ಮಿತಿ ಅಷ್ಟೇ. ಓದಿ ಸೈನ್ ಮಾಡಿ, ಒಂದು ಪ್ರತಿ ಇಟ್ಕೊಳ್ಳಿ. ಮಾರ್ಕ್ಸ್ ಕಾರ್ಡ್ ಒರಿಜಿನಲ್ ಮಾತ್ರ ಯಾರಿಗೂ ಬಿಟ್ಟು ಬರಬೇಡಿ. ತೋರಿಸಿ, ಜೆರಾಕ್ಸ್ ಕೊಡಿ, ಕೈಯಲ್ಲೇ ವಾಪಸ್ ತನ್ನಿ. ಪಹಣಿ ತೋರಿಸ್ತೀವಿ, ಕ್ರಯಪತ್ರ ಕೊಟ್ಟು ಬರ್ತೀವಾ?

ಸೇರಿದಮೇಲಿನ ಕಷ್ಟಗಳದು ಇನ್ನೊಂದು ಪುರಾಣ. ರಾತ್ರಿ ಹತ್ತಕ್ಕೆ ಮೀಟಿಂಗು, ಮಾಡಿದ ಕೆಲಸಕ್ಕೆ ಬೇರೆಯವರ ಹೆಸರು, ಇದ್ದಕ್ಕಿದ್ದಂಗೆ "ನಿನ್ನ ಪರ್ಫಾರ್ಮೆನ್ಸ್ ಸಾಲದು" ಅನ್ನೋ ಕಾಗದ. ಒಂದೇ ಒಂದು ಅಭ್ಯಾಸ ಹೇಳ್ತೀನಿ. ಬಾಯಲ್ಲಿ ಹೇಳಿದ್ದನ್ನ ಸಂಜೆಗೆ "ನೀವು ಹೇಳಿದಂತೆ ಇದನ್ನು ಇಂಥ ದಿನಕ್ಕೆ ಮಾಡ್ತೀನಿ" ಅಂತ ಒಂದು ಮೇಲ್ ಹಾಕಿ. ಸಂಬಳದ ಸ್ಲಿಪ್ಪು, ಆಫರ್ ಲೆಟರ್, ಫಾರಂ 16 ನಿಮ್ಮ ಸ್ವಂತ ಮೇಲ್‌ನಲ್ಲಿ ಇರಲಿ, ಯಾಕಂದ್ರೆ ತೆಗೆದುಹಾಕೋ ದಿನ ಮೊದಲು ಬಂದ್ ಆಗೋದು ಆಫೀಸಿನ ಲಾಗಿನ್ನು. ಪಿಎಫ್ ಪಾಸ್‌ಬುಕ್ಕನ್ನ ಆಗಾಗ ತೆಗೆದು ನೋಡಿ, ಸಂಬಳದಲ್ಲಿ ಮುರಿದುಕೊಂಡು ಅಲ್ಲಿಗೆ ಕಟ್ಟದೇ ಇರೋ ಕಂಪನಿಗಳೂ ಇವೆ. ಮುಂದಿನ ಕೆಲಸದ ಆಫರ್ ಕೈಗೆ ಬರದೆ ಸಿಟ್ಟಲ್ಲಿ ರಾಜೀನಾಮೆ ಎಸೀಬೇಡಿ. ಆರೋಗ್ಯಕ್ಕೇ ಕುತ್ತು ಬಂದಿದ್ರೆ ಆ ಮಾತು ಬೇರೆ, ಆಗ ಊರಿಗೆ ಬನ್ನಿ, ಅನ್ನಕ್ಕೇನು ಕೊರತೆ ಇಲ್ಲ.

ಅಪ್ಪ ಅಮ್ಮಂದಿರಿಗೆ ಒಂದು ಮಾತು. ಮದುವೆ ಮನೆಯಲ್ಲಿ "ಮಗಳು ಏನ್ ಮಾಡ್ತಿದ್ದಾಳೆ" ಅಂತ ಕೇಳೋರಿಗೆ ಉತ್ತರ ಹೇಳೋದಕ್ಕೋಸ್ಕರ ಯಾರೂ ಒಂದೂವರೆ ಲಕ್ಷ ಖರ್ಚು ಮಾಡಬೇಕಾಗಿಲ್ಲ. "ಹುಡುಕ್ತಿದ್ದಾಳೆ" ಅನ್ನಿ, ಊಟ ಮಾಡಿ ಬನ್ನಿ. ನಾನು ಅಕ್ಕನಿಗೆ ಹೇಳಿದ್ದು ಇದನ್ನೇ. ಅವಳು ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು. "ನೀನೇನು ಬೆಂಗಳೂರು ಬಿಟ್ಟು ಬಂದೋನು, ನಿಂಗೇನು ಗೊತ್ತು" ಅಂತಲೂ ಅಂದಳು. ಅನ್ನಲಿ. ಹಸು ಕೊಟ್ಟಿಗೆಯಲ್ಲೇ ಇವೆ.

ಇವಳಿಗೆ ಯುವನಿಧಿಯ 3,000 ಬರ್ತಿದೆ. ಪದವಿಯವರಿಗೆ 3,000, ಡಿಪ್ಲೊಮಾದವರಿಗೆ 1,500, ಕೆಲಸ ಸಿಗೋ ತನಕ, ಹೆಚ್ಚಂದ್ರೆ ಎರಡು ವರ್ಷ. ಅಷ್ಟರಲ್ಲಿ ಬಸ್ ಚಾರ್ಜು, ಡಾಟಾ ನಡೀತಿದೆ. ಬೆಂಗಳೂರಿನ ಸಾಫ್ಟ್‌ವೇರ್ ಒಂದೇ ಅಂತ ಕೂರಬೇಡ, ಲೆಕ್ಕ ಮತ್ತು ಕಂಪ್ಯೂಟರ್ ಎರಡೂ ಗೊತ್ತಿರೋರು ಬೇಕಾದ ಕಡೆಗೂ ಹಾಕು ಅಂದೆ. ತುಮಕೂರು ಹತ್ರ ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಒಂದು ಕಾರ್ಖಾನೆಯವರು ಸ್ಟೋರ್ಸ್ ಲೆಕ್ಕಕ್ಕೆ ಅಪ್ರೆಂಟಿಸ್ ಕರೆದಿದ್ದಾರೆ. ಒಂದು ವರ್ಷ, ಕೇಂದ್ರದ ನ್ಯಾಟ್ಸ್ ಯೋಜನೆಯಡಿ, ಸ್ಟೈಪೆಂಡ್ ಕಮ್ಮಿ, ಕೊನೆಗೆ ಸರ್ಕಾರಿ ಸರ್ಟಿಫಿಕೇಟ್ ಇದೆ. ಫೋನಿನ ರೌಂಡಲ್ಲಿ ಅವರು ಅರ್ಧ ಗಂಟೆ ಕೇಳಿದ್ದು ಡೈರಿ ಲೆಕ್ಕದ್ದೇ ಅಂತೆ. "ಫ್ಯಾಟ್ ಕಮ್ಮಿ ಬಂದೋರು ಜಗಳಕ್ಕೆ ಬಂದ್ರೆ ಏನ್ ಮಾಡ್ತಿದ್ರಿ" ಅಂತ ಕೇಳಿದ್ರಂತೆ ಮಾವ, ಅಂತ ನಗ್ತಾ ಹೇಳಿದಳು. ನೇರ ಇಂಟರ್‌ವ್ಯೂ ಗುರುವಾರ. ಆಗುತ್ತೋ ಇಲ್ವೋ ನೋಡಬೇಕು. ಜೊತೆಗೆ ಇನ್ನೂ ನಾಲ್ಕು ಕಡೆ ಹಾಕಿದ್ದಾಳೆ, ಶೀಟಲ್ಲಿ ಹೊಸ ಸಾಲುಗಳು ಬೀಳ್ತಾನೇ ಇವೆ.

ರೆಸ್ಯೂಮ್ ನೋಡಿ ಅನ್ನೋರು ಮೆಸೇಜಲ್ಲಿ ಪಿಡಿಎಫ್ ಹಾಕಿ, ಫೋಟೋ ಹೊಡೆದು ಕಳಿಸಬೇಡಿ, ನನ್ನ ಕಣ್ಣಿಗೆ ಕಾಣಲ್ಲ. ಆಧಾರ್, ಪಾನ್, ಮಾರ್ಕ್ಸ್ ಕಾರ್ಡ್ ಯಾವುದೂ ಬೇಡ, ನನಗೆ ಮಾತ್ರ ಅಲ್ಲ, ಕೆಲಸ ಗಟ್ಟಿಯಾಗೋ ತನಕ ಯಾರಿಗೂ ಕಳಿಸಬೇಡಿ. ಸಂಜೆ ಹಾಲು ಕರೆದು ಡೈರಿಗೆ ಹಾಕಿ ಬಂದಮೇಲೆ ದಿನಕ್ಕೆ ಮೂರು ನೋಡ್ತೀನಿ, ಸಾಲಿನಲ್ಲಿ ಬಂದಂಗೆ. ಯಾರಿಗೂ ಉತ್ತರ ಕೊಡದೆ ಬಿಡಲ್ಲ. ಕರೆಂಟು ಹೋದ ದಿನ ಮಾತ್ರ ಒಂದು ದಿನ ತಡ.